ತಿರುಗಿಸಿ ಕೂರಿಸಿದ ಲೆನ್ಸು

ಸಿದ್ದಾರೂಢನ ಮಂಚದ ಕೆಳಗೆ ಒಂದು ತಗಡಿನ ಟ್ರಂಕಿತ್ತು. ಬಿಟಿಎಂ ಲೇಔಟಿನಲ್ಲಿ ಒಂದು ರೂಮು, ಒಂದು ಹಾಲು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಮಂಚದ ಕೆಳಗಿನ ಜಾಗವೆಂದರೆ ಅರ್ಧ ಸೈಟಿದ್ದ ಹಾಗೆ. ಅಲ್ಲಿ ಊರಿಂದ ಬಂದ ಜೋಳದ ಚೀಲ ಇಡಬಹುದು, ನೆಂಟರು ಬಂದಾಗ ಹಾಸುವ ಗಾದಿ ಇಡಬಹುದು. ಆದರೆ ಟ್ರಂಕಿನ ತುಂಬ ಇದ್ದದ್ದು ಸತ್ತ ಕ್ಯಾಮೆರಾಗಳು. ಕಣ್ಣು ಕಿತ್ತವು, ಹೊಟ್ಟೆ ಬಗೆದವು, ಶಟರ್ ಹಿಡಿದುಕೊಂಡವು, ಫಂಗಸ್ಸು ತಿಂದ ಲೆನ್ಸುಗಳು, ಹಳೆಯ ಮಾತ್ರೆ ಡಬ್ಬಿಗಳಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ‘ಇದು ಮನೀನೋ, ಕ್ಯಾಮೆರಾದ ಸುಡಗಾಡೋ’ ಎಂದು ಹೆಂಡತಿ ಪ್ರಿಯಾಂಕಾ ಕೇಳಿ ಕೇಳಿ ದಣಿದು, ಕೊನೆಗೆ ಕಸ ಗುಡಿಸುವಾಗ ಟ್ರಂಕನ್ನು ಸುತ್ತುಹಾಕಿ ಗುಡಿಸುವುದನ್ನೇ ರೂಢಿ ಮಾಡಿಕೊಂಡಿದ್ದಳು.

ಅವಳಿಗೆ ಹೇಗೆ ತಿಳಿಯಬೇಕು, ಆ ಟ್ರಂಕಿನಲ್ಲಿದ್ದದ್ದು ಅವನ ಯೌವನ. ರೋಣದ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ಹೊತ್ತಿಗೆ ಬೆಂಗಳೂರಿಗೆ ಬಂದವನು ಸೇರಿಕೊಂಡದ್ದು ಜಯನಗರ ನಾಲ್ಕನೇ ಬ್ಲಾಕಿನ ಬದರಿನಾಥರ ಕ್ಯಾಮೆರಾ ರಿಪೇರಿ ಅಂಗಡಿಗೆ. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಆ ಗೂಡಿಗೆ ಮದುವೆ ಸೀಸನ್ನಿನಲ್ಲಿ ಊರಿನ ಫೋಟೊಗ್ರಾಫರುಗಳೆಲ್ಲ ಬಂದು, ‘ಸಾರ್, ನಾಳೆ ಬೆಳಿಗ್ಗೆ ಮುಹೂರ್ತ, ಉಳಿಸ್ಕೊಡಿ’ ಎಂದು ಹೆರಿಗೆ ಆಸ್ಪತ್ರೆಯ ಮುಂದೆ ನಿಂತ ಗಂಡಂದಿರಂತೆ ನಿಲ್ಲುತ್ತಿದ್ದರು. ಸ್ಪಿರಿಟ್ಟಿನ ವಾಸನೆ, ಹಳೆಯ ಚರ್ಮದ ಕವರಿನ ವಾಸನೆ, ಎದುರಿನ ಹೋಟೆಲಿನಿಂದ ಬರುವ ಕಾಫಿಯ ವಾಸನೆ ಎಲ್ಲ ಸೇರಿ ಅಂಗಡಿಗೇ ಒಂದು ವಾಸನೆಯಿತ್ತು. ಈಗಲೂ ಟ್ರಂಕು ತೆರೆದರೆ ಅದು ಮೂಗಿಗೆ ಬಡಿಯುತ್ತದೆ. ಆಮೇಲೆ ಡಿಜಿಟಲ್ ಬಂತು, ಅದರ ಬೆನ್ನಿಗೇ ಮೊಬೈಲು ಬಂತು, ಗೂಡು ಮೊಬೈಲ್ ಕವರ್ ಮಾರುವವರ ಪಾಲಾಯಿತು. ಬಾಗಿಲು ಹಾಕಿದ ದಿನ ಬದರಿನಾಥರು ಟ್ರಂಕನ್ನು ಆಟೋಗೆ ಏರಿಸಿ, ‘ತಗೊಂಡೋಗೋ ಸಿದ್ದೂ, ಇವುಕ್ಕೆ ನಿನ್ ಬಿಟ್ರೆ ಬೇರೆ ನೆಂಟ್ರಿಲ್ಲ’ ಎಂದಿದ್ದರು. ಅಲ್ಲಿಂದೀಚೆಗೆ ಸಿದ್ದಾರೂಢ ಜೆ.ಪಿ. ನಗರದಿಂದ ಇಟ್ಟಮಡುವಿನವರೆಗೆ ಅಪಾರ್ಟ್‌ಮೆಂಟು, ಅಂಗಡಿ, ಆಫೀಸುಗಳಿಗೆ ಸಿಸಿಟಿವಿ ಹಾಕುತ್ತ ಬದುಕಿದ್ದ. ಅವೂ ಕ್ಯಾಮೆರಾಗಳೇ, ಹೆಸರಿಗೆ. ಅವನ ಮಟ್ಟಿಗೆ ಅವು ಗೋಡೆಗೆ ಹೊಡೆಯುವ ಮೊಳೆಗಳ ಜಾತಿಗೆ ಸೇರಿದವು.

ಅಪ್ಪ ಸೋಮಲಿಂಗಪ್ಪ ತೀರಿಕೊಂಡ ಮೇಲೆ ಚಿಗವ್ವ ಶರಣಮ್ಮನನ್ನು ಅವನು ಬೆಂಗಳೂರಿಗೆ ಕರೆತಂದ. ಚಿಗವ್ವ ಎಂದರೆ ಮಲತಾಯಿ. ಹೆತ್ತ ತಾಯಿ ರೇಣುಕವ್ವ ಅವನು ತೊಟ್ಟಿಲಲ್ಲಿರುವಾಗಲೇ ಹೋಗಿದ್ದಳು. ಅವಳ ದನಿಯಾಗಲಿ ಮೈಯ ಬಿಸಿಯಾಗಲಿ ಅವನಿಗೆ ಎಳ್ಳಷ್ಟೂ ನೆನಪಿಲ್ಲ. ಇದ್ದದ್ದು ಒಂದೇ ಒಂದು ಕಪ್ಪು ಬಿಳುಪಿನ ಫೋಟೊ. ಗದಗಿನ ಯಾವುದೋ ಸ್ಟುಡಿಯೋದಲ್ಲಿ ಮದುವೆಯಾದ ಹೊಸದರಲ್ಲಿ ತೆಗೆಸಿದ್ದು. ಊರಿನ ಮನೆಯಲ್ಲಿ ಅದು ದೇವರ ಜಗುಲಿಯ ಮೇಲೆ, ಮಬ್ಬುಗತ್ತಲೆಯಲ್ಲಿ, ಹೂವಿನ ಮಾಲೆಯ ಹಿಂದೆ ಇರುತ್ತಿತ್ತು. ಚಿಕ್ಕಂದಿನಲ್ಲೂ ಅವನು ಅದನ್ನು ಕೆಳಗಿನಿಂದ ಅರೆಬರೆ ಕಂಡದ್ದಷ್ಟೇ. ಬೆಂಗಳೂರಿಂದ ಹಬ್ಬಕ್ಕೆ ಹೋದಾಗ ಸಿದ್ದಾರೂಢ ಬಾಗಿಲಲ್ಲೇ ನಿಂತು ಕೈಮುಗಿದು ಬಂದುಬಿಡುತ್ತಿದ್ದ. ಶರಣಮ್ಮ ಮಾತ್ರ ದಿನಾ ಬೆಳಿಗ್ಗೆ ಮೈತೊಳೆದು ಬಂದವಳೇ ದೇವರಿಗಿಂತ ಮೊದಲು ಆ ಫೋಟೊಗೆ ವಿಭೂತಿ ಹಚ್ಚಿ, ಅದರ ಮೇಲೆ ಉಂಗುರದ ಬೆರಳಿನಿಂದ ಕುಂಕುಮ ಇಡುತ್ತಿದ್ದಳು. ‘ಅಕ್ಕ ಮುತ್ತೈದಿ ಆಗಿ ಹೋದಾಕಿ, ಆಕೀ ಹಣಿ ಬರಿದ ಇರಬಾರದು’ ಎನ್ನುತ್ತಿದ್ದಳು. ಗಂಡ ಹೋದ ಮೇಲೆ ತನ್ನ ಹಣೆಗೆ ಕುಂಕುಮ ಬಿಟ್ಟಳು, ಸವತಿಯ ಹಣೆಗೆ ಬಿಡಲಿಲ್ಲ.

ಬೆಂಗಳೂರಿಗೆ ಬರುವಾಗ ಶರಣಮ್ಮ ತಂದದ್ದು ಎರಡು ಸೀರೆಯ ಗಂಟು ಮತ್ತು ಆ ಫೋಟೊ. ಹಾಲಿನ ಗೋಡೆಗೆ ಮೊಳೆ ಹೊಡೆದು, ಟ್ಯೂಬ್‌ಲೈಟಿನ ಕೆಳಗೆ ಅದನ್ನು ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಸಿದ್ದಾರೂಢ ನೋಡಿದ. ಚೌಕಟ್ಟಿಗೆ ಗಾಜೇ ಇರಲಿಲ್ಲ. ಸೀರೆಯ ಸೆರಗು ಇತ್ತು, ತೋಳಿನ ಬಳೆ ಇತ್ತು, ಪಕ್ಕದ ಸ್ಟೂಲಿನ ಮೇಲಿನ ಪ್ಲಾಸ್ಟಿಕ್ ಹೂದಾನಿಯೂ ಸ್ಪಷ್ಟವಾಗಿತ್ತು. ಕತ್ತಿನ ಮೇಲೆ ಮಾತ್ರ ಏನೂ ಇರಲಿಲ್ಲ. ಹಣೆಯ ಜಾಗದಲ್ಲಿ ಕೆಂಪು ಗಡ್ಡೆ. ಅದರ ಸುತ್ತ ಕಣ್ಣು, ಮೂಗು, ಬಾಯಿಯ ಮೇಲೆಲ್ಲ ಬೂದುಗೆಂಪು ಬಣ್ಣ ಇಳಿದು ಒಣಗಿ ಮೆತ್ತಿಕೊಂಡಿತ್ತು.

“ಚಿಗವ್ವಾ, ಅವ್ವನ ಮಾರಿ ಎಲ್ಲಿ?”

“ಅಲ್ಲೇ ಐತಲ್ಲೋ ಯಪ್ಪಾ” ಎಂದಳು ಶರಣಮ್ಮ, ಅಡುಗೆಮನೆಯಿಂದ ಕೈಯೊರೆಸಿಕೊಳ್ಳುತ್ತ ಬಂದು.

“ಎಲ್ಲೈತಿ? ಹಚ್ಚಿ ಹಚ್ಚಿ ಅಳಿಸಿಬಿಟ್ಟಿಯಲ್ಲ! ನನಗ ಇದ್ದದ್ದು ಅದೊಂದ. ಇಷ್ಟು ವರ್ಷ ಆದ್ರೂ ಸವತಿ ಅನ್ನೂದು ಹೋಗಲಿಲ್ಲ ನೋಡು ನಿನ್ನ ಮನಸಿನ್ಯಾಗಿಂದ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನನ್ನು ಎತ್ತಿ ಆಡಿಸಿದವಳು, ತನಗೊಂದು ಮಗುವಾಗಲಿಲ್ಲವೆಂದು ಒಂದು ದಿನವೂ ಬಾಯಿಬಿಟ್ಟು ಅಳದವಳು, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಮರುದಿನದಿಂದ ಆ ಫೋಟೊದ ಹತ್ತಿರ ಹೋಗಲಿಲ್ಲ. ಸದಾ ಕೆಂಪಾಗಿರುತ್ತಿದ್ದ ಅವಳ ಉಂಗುರದ ಬೆರಳು ದಿನದಿಂದ ದಿನಕ್ಕೆ ತೊಳೆದು ತೊಳೆದು ಬಿಳಿಚಿಕೊಂಡಿತು. ಊರಲ್ಲಿದ್ದ ತನ್ನ ತಮ್ಮ ಬಸವಂತನಿಗೆ ಫೋನು ಮಾಡಿ, ‘ಅಮಾಸಿ ಮುಗಿಸಿ ಐತವಾರ ಬಂದು ಕರಕೊಂಡು ಹೋಗಪಾ, ನನಗ ಇಲ್ಲಿ ನೀರು ಹಿಡಿಯವೊಲ್ದು’ ಎಂದದ್ದನ್ನು ಪ್ರಿಯಾಂಕಾ ಕೇಳಿಸಿಕೊಂಡು ಗಂಡನಿಗೆ ಹೇಳಿದಳು. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಇನ್ನೂ ನಾಲ್ಕು ಮಾತುಗಳಿದ್ದವು.

ತಪ್ಪಾಯಿತೆಂದು ಹೇಳಿಬಿಡಬಹುದಿತ್ತು. ಹಿಡಿದುಕೊಂಡ ಶಟರನ್ನು ಊದಿ ಬಿಡಿಸುವ ಗಂಡಸಿಗೆ ಹಿಡಿದುಕೊಂಡ ನಾಲಿಗೆಯನ್ನು ಬಿಡಿಸಲು ಬರಬೇಕಲ್ಲ! ಅವನು ಹೂಡಿದ ಲೆಕ್ಕವೇ ಬೇರೆ. ಹೇಗಾದರೂ ಅವ್ವನ ಮುಖ ವಾಪಸು ಬಂದರೆ ಆಡಿದ ಮಾತೂ ವಾಪಸು ಬಂದ ಹಾಗೆ. ಆಗ ಚಿಗವ್ವ ಉಳಿಯುತ್ತಾಳೆ. ಭಾನುವಾರದೊಳಗೆ ಮುಖ ಸಿಗಬೇಕು. ಅಷ್ಟೇ ಅವನ ತಲೆಯಲ್ಲಿದ್ದದ್ದು.

ಮೊದಲು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದು ನೋಡಿದ. ಕೆಂಪು ಮಸುಕು, ಅದರ ಮೇಲೆ ಅವನದೇ ಮೊಬೈಲಿನ ನೆರಳು. ಆಮೇಲೆ ಜಯನಗರದ ಒಂದು ಸ್ಟುಡಿಯೋಗೆ ಒಯ್ದ. ಕೌಂಟರಿನ ಹುಡುಗಿ, “ಎಐ ಹಾಕಿ ಕೊಡ್ತೀವಿ ಅಂಕಲ್, ಸಖತ್ತಾಗ್ ಬರತ್ತೆ, ನಿನ್ನೆ ತೆಗ್ಸಿದ್ ಥರ” ಎಂದಳು. ಸಂಜೆಗೆ ಕೊಟ್ಟ ಪ್ರಿಂಟಿನಲ್ಲಿ ರೇಣುಕವ್ವನ ಸೆರಗು, ರೇಣುಕವ್ವನ ಬಳೆ. ನಡುವೆ ಹಾಲುಗೆನ್ನೆಯ, ತಿದ್ದಿದ ಹುಬ್ಬಿನ, ಹಲ್ಲು ಬಿಟ್ಟು ನಗುವ ಒಬ್ಬ ಚೆಲುವೆ. ಮನೆಯಲ್ಲಿ ಶರಣಮ್ಮ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

“ಯಾರಪಾ ಈಕಿ? ಟೀವ್ಯಾಗ ಸೋಪು ಮಾರತಾಳಲ್ಲ, ಅಕಿ ಏನು?”

ಪ್ರಿಯಾಂಕಾಗೆ ನಗು ತಡೆಯಲಾಗಲಿಲ್ಲ. ಸಿದ್ದಾರೂಢನೂ ನಗಬೇಕಿತ್ತು. ನಗಲಿಲ್ಲ. ಚಿಗವ್ವ ಪ್ರಿಂಟನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು, ‘ಅಕ್ಕ ಹಿಂಗಿದ್ದಿಲ್ಲ’ ಎಂದಷ್ಟೇ ಹೇಳಿ ಒಳಗೆ ಹೋದಳು.

ಶುಕ್ರವಾರ ಅವನು ಫೋಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು ಯಡಿಯೂರಿಗೆ ಹೋದ. ಕೆರೆಯ ಹಿಂದಿನ ರಸ್ತೆಯಲ್ಲಿ ಬದರಿನಾಥರ ಮನೆ. ಮುದುಕರಿಗೆ ಕೈ ತುಸು ನಡುಗುತ್ತಿತ್ತು, ನಾಲಿಗೆ ನಡುಗುತ್ತಿರಲಿಲ್ಲ. ಬಲಗಣ್ಣಿಗೆ ತಮ್ಮ ಹಳೆಯ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

“ಇದು ಬ್ರೋಮೈಡ್ ಪೇಪರ್ ಕಣೋ. ಮೇಲಿರೋ ಪೊರೆ ಈರುಳ್ಳಿ ಸಿಪ್ಪೆಗಿಂತ ತೆಳು. ನೀರು ಗೀರು ಹಾಕಿದ್ಯೋ, ಎದ್ದು ಕೈಗೆ ಬರತ್ತೆ. ಹಾಕಿಲ್ಲ ತಾನೆ?”

“ಇಲ್ಲ ಸಾರ್. ಕೆಳಗ ಏನಾರ ಉಳಿದಿರ್ತದೇನು?”

“ಉಳಿದಿರ್ಬೋದು, ಇಲ್ದೇನೂ ಇರ್ಬೋದು. ಕುಂಕುಮ ಪದರ ಪದರವಾಗಿ ಕೂತಿದೆ. ಎಲ್ಲಾದ್ರೂ ಒಂದ್ಕಡೆ ಬಿರುಕು ಬಿಟ್ಟಿರತ್ತೆ. ಆ ಬಿರುಕು ಹುಡುಕಿ, ಒಂದು ಚೂರು ಎತ್ತಿ ನೋಡು. ಕೆಳಗೆ ಕಪ್ಪು ಕಂಡ್ರೆ ಮುಂದಕ್ಕೆ ಹೋಗು. ಬಿಳಿ ಕಂಡ್ರೆ ಅದು ಬರೀ ಕಾಗದ, ಕೈ ಮುಗಿದು ಬಿಟ್ಬಿಡು. ಆದ್ರೆ ಈ ಭೂತಗನ್ನಡಿ ಸಾಲ್ದು. ದೊಡ್ಡದಾಗಿ ಕಾಣ್ಬೇಕು, ಎರಡೂ ಕೈ ಖಾಲಿ ಇರ್ಬೇಕು.” ಹೇಳುತ್ತ ಹೇಳುತ್ತ ಬದರಿನಾಥರ ಮುಖ ಅರಳಿತು. “ಲೋ, ನೆನಪಿದ್ಯಾ? ಹೂವಿನ ಮೇಷ್ಟ್ರು ಒಬ್ರು ಬರ್ತಿದ್ರಲ್ಲ, ಕೇಸರದ ಫೋಟೊ ತೆಗೀಬೇಕು ಅಂತ ಪ್ರಾಣ ತಿಂತಿದ್ರು. ಅವ್ರಿಗೆ ಏನ್ ಮಾಡ್ಕೊಟ್ವಿ?”

“ಉಲ್ಟಾ ಲೆನ್ಸು” ಎಂದ ಸಿದ್ದಾರೂಢ. ಆ ಎರಡು ಮಾತು ಬಾಯಿಗೆ ಬಂದದ್ದೇ ತಡ, ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಕಾಣಿಸಿತು.

ಉಲ್ಟಾ ಲೆನ್ಸಿನ ಉಪಾಯ ಬಹಳ ಸರಳ. ಲೆನ್ಸು ನೇರ ಇದ್ದಾಗ ಎದುರಿನ ದೊಡ್ಡ ಲೋಕವನ್ನು ಕುಗ್ಗಿಸಿ ಹಿಂದಿನ ಸಣ್ಣ ಫಿಲ್ಮಿನ ಮೇಲೆ ಕೂರಿಸುತ್ತದೆ. ಅದನ್ನೇ ಬೆನ್ನು ಮುಂದೆ ಮಾಡಿ ಕೂರಿಸಿದರೆ ಸಣ್ಣದನ್ನು ಹಿಗ್ಗಿಸಿ ದೊಡ್ಡದು ಮಾಡುತ್ತದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಅಂತರ ಹೆಚ್ಚಿಸಿದಷ್ಟೂ ಇನ್ನಷ್ಟು ದೊಡ್ಡದು. ಆದರೆ ಲೆನ್ಸಿನ ಮುಂಭಾಗ ಕ್ಯಾಮೆರಾದ ಬಾಯಿಗೆ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಳ್ಳುವ ಹಾಗೆ ಮಾಡುವುದರಲ್ಲೇ ಕಸುಬಿದೆ. ಎನ್‌ಲಾರ್ಜರಿನ ಕಂಬ ಬೇಕು, ಅದಕ್ಕೆ ಕ್ಯಾಮೆರಾ ತಲೆಕೆಳಗಾಗಿ ಕಟ್ಟಿ ಕೂದಲೆಳೆಯಷ್ಟು ಏರಿಸಿ ಇಳಿಸಬೇಕು ಎಂದರು ಬದರಿನಾಥರು. ಹಿಂದೆ ಕತ್ತಲಕೋಣೆಯಲ್ಲಿ ಫೋಟೊ ದೊಡ್ಡದು ಮಾಡುತ್ತಿದ್ದ ಅವರ ಎನ್‌ಲಾರ್ಜರಿನ ಕಂಬ ಈಗ ತಾರಸಿಯ ಮೇಲೆ ಅವರ ಹೆಂಡತಿ ಚೂಡಾಮಣಿಯವರ ಮಲ್ಲಿಗೆ ಬಳ್ಳಿಗೆ ಊರುಗೋಲಾಗಿತ್ತು.

“ಬಳ್ಳೀಗೆ ಕೈ ಹಚ್ಚಿದ್ರೆ ಇಬ್ಬರಿಗೂ ಕಾಫಿ ಇಲ್ಲ” ಎಂದರು ಚೂಡಾಮಣಿ.

“ತಾಯಿ ಫೋಟೊ ಕಣೇ ಅವನ್ದು.”

ಚೂಡಾಮಣಿ ಟವೆಲು ಸರಿಸಿ ಫೋಟೊವನ್ನು ನೋಡಿದರು. ತಾರಸಿಗೆ ಹೋಗಿ ತಾವೇ ಬಳ್ಳಿಯನ್ನು ಒಂದೊಂದೇ ಸುತ್ತು ಬಿಡಿಸಿ ಪೊರಕೆಯ ಕೋಲಿಗೆ ಕಟ್ಟಿದರು.

ಶನಿವಾರ ಸಿದ್ದಾರೂಢ ಕೆಲಸಕ್ಕೆ ರಜೆ ಹಾಕಿ ಟ್ರಂಕನ್ನು ಹಾಲಿಗೆ ಎಳೆದ. ನೆಲದ ಮೇಲೆ ಹಳೆಯ ಪೇಪರು ಹಾಸಿ ಒಂದೊಂದೇ ತೆಗೆದಿಟ್ಟ. ಯಾವುದನ್ನು ಮುಟ್ಟಿದರೂ ಅದರ ಹಿಂದೆ ಒಬ್ಬ ಗಿರಾಕಿ ಎದ್ದು ಬರುತ್ತಿದ್ದ. ಈ ಐವತ್ತು ಎಂಎಂ ಲೆನ್ಸು ಬಸವನಗುಡಿಯ ಒಬ್ಬ ವಕೀಲರದು, ಮಗಳ ನಾಮಕರಣದಲ್ಲಿ ಪಾಯಸದ ಪಾತ್ರೆಗೆ ಬೀಳಿಸಿದ್ದರು. ಈ ಜೂಮು ಸಾರಕ್ಕಿಯ ಮುತ್ತುರಾಜನದು, ಮದುವೆಯಲ್ಲಿ ಮದುಮಗನ ಸೋದರಮಾವನೊಡನೆ ಜಗಳಕ್ಕೆ ಬಿದ್ದು ಅದರಿಂದಲೇ ಹೊಡೆದಿದ್ದ. ಮಾವನಿಗೆ ಏನೂ ಆಗಲಿಲ್ಲ, ಜೂಮು ಸತ್ತಿತು. ಈ ಡಿಜಿಟಲ್ ಬಾಡಿಯನ್ನು ರಿಪೇರಿಗೆ ಕೊಟ್ಟವನು ತಿರುಗಿ ಬರಲೇ ಇಲ್ಲ. ಪರದೆ ಹೋಗಿತ್ತು, ಒಳಗಿನ ಜೀವ ಗಟ್ಟಿಯಿತ್ತು. ಎಲ್ಲಿ ಹೋದರೋ ಅವರೆಲ್ಲ. ಫೋಟೊ ತೆಗೆಯುವುದೆಂದರೆ ಒಂದು ಕೆಲಸವಾಗಿದ್ದ, ಫಿಲ್ಮು ತೊಳೆದು ಬರುವವರೆಗೆ ಜನ ಕಾಯುತ್ತಿದ್ದ ಆ ಕಾಲವೂ ಅವರ ಜೊತೆಗೇ ಹೋಗಿತ್ತು.

ಕೈ ಮಾತ್ರ ತನ್ನ ಪಾಡಿಗೆ ತಾನು ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಓಡುತ್ತಿತ್ತು. ಮುತ್ತುರಾಜನ ಜೂಮಿನ ಹಿಂಬದಿಯ ಕಚ್ಚುಬಳೆಯನ್ನು ಬಿಚ್ಚಿದ. ಅದು ಕ್ಯಾಮೆರಾದ ಬಾಯಿಗೆ ಕೂರುತ್ತದೆ. ಬಿರುಕು ಬಿಟ್ಟ ಫಿಲ್ಟರೊಂದರ ಗಾಜನ್ನು ಒತ್ತಿ ಉದುರಿಸಿ ಬರಿಯ ಬಳೆ ಉಳಿಸಿಕೊಂಡ. ಅದು ವಕೀಲರ ಲೆನ್ಸಿನ ಮುಂಭಾಗಕ್ಕೆ ತಿರುಪಿಕೊಳ್ಳುತ್ತದೆ. ಇವೆರಡರ ನಡುವೆ ಕೂರಿಸಲು ಸಾರಕ್ಕಿ ಮಾರ್ಕೆಟ್ಟಿನ ಬಳಿಯ ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿ ಕೆಲಸದ ಪಿವಿಸಿ ಪೈಪಿನ ತುಂಡು ತಂದ. ಒಳಗೆ ಬೆಳಕು ಮಿಂಚದಂತೆ ಉಪ್ಪುಕಾಗದ ಅಂಟಿಸಿ ಕಪ್ಪು ಬಳಿದ. ಎರಡು ತುದಿಗೂ ಬಳೆಗಳನ್ನಿಟ್ಟು ಎಂ-ಸೀಲ್ ಮೆತ್ತಿ ಒಣಗಲು ಬಿಟ್ಟ. ಜೆ.ಪಿ. ನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಪ್ರಿಯಾಂಕಾ ಮಧ್ಯಾಹ್ನ ಬರುವಾಗ ಡಾಕ್ಟರು ಬಿಸಾಡಿದ್ದ ಒಂದು ಕೊಕ್ಕೆ ಕಡ್ಡಿ ತಂದುಕೊಟ್ಟಳು. “ಹಲ್ಲಿನ ಪಾಚಿ ತಗಿಯೂದು. ಇದರಾಗ ತಗಿ ಏನ್ ತಗೀತಿಯೋ” ಎಂದಳು. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಕಂಬದ ಮೇಲೆ ಕ್ಯಾಮೆರಾ ನೆಲ ನೋಡುತ್ತ ಕೂತಿತು. ಅದರ ಬಾಯಿಂದ ಪೈಪು, ಪೈಪಿನ ತುದಿಗೆ ಬೆನ್ನು ತಿರುಗಿಸಿದ ಲೆನ್ಸು. ನೋಡಿದರೆ ಬಚ್ಚಲಿನಿಂದ ಕಿತ್ತು ತಂದ ಹಾಗಿತ್ತು. ವೈರು ಎಳೆದು ಟೀವಿಗೆ ಸಿಕ್ಕಿಸಿ, ಪರೀಕ್ಷೆಗೆಂದು ಒಂದು ಸಕ್ಕರೆ ಹರಳನ್ನು ಕೆಳಗಿಟ್ಟ. ಎಲ್ಲಿತ್ತೋ ಒಂದು ಇರುವೆ, ಬಂದೇಬಿಟ್ಟಿತು. ಟೀವಿಯ ತುಂಬ ಕೋಣದಷ್ಟು ದೊಡ್ಡ ತಲೆ ಎದ್ದಿತು. ರೂಮಿನ ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಬೆಚ್ಚಿಬಿದ್ದು, “ಅಯ್ಯ ಶಿವನ! ಇರವಿಗೆ ಮೀಸಿ ಅದಾವಲ್ಲೋ!” ಎಂದಳು. ಮೂವರೂ ನಕ್ಕರು. ಆ ಒಂದು ಗಳಿಗೆ ಮನೆ ಮೊದಲಿನಂತಾಗಿತ್ತು. ಆಮೇಲೆ ಅವಳ ಕಣ್ಣು ಟವೆಲು ಸುತ್ತಿದ ಫೋಟೊದ ಮೇಲೆ ಬಿತ್ತು. ತಿರುಗಿ ಹೋಗಿ ಸೀರೆ ಮಡಚಿ ಗಂಟು ಕಟ್ಟುವ ಕೆಲಸಕ್ಕೆ ಕೂತಳು.

ಭಾನುವಾರ ಬೆಳಿಗ್ಗೆ, ನೆಲದ ಅದುರು ನಿಲ್ಲಲೆಂದು ಕೆಳಗಿನ ಮನೆಯವರು ನೀರಿನ ಮೋಟರು ನಿಲ್ಲಿಸುವವರೆಗೆ ಕಾದು, ಸಿದ್ದಾರೂಢ ಫೋಟೊವನ್ನು ಕಂಬದ ಕೆಳಗೆ ಮಲಗಿಸಿದ. ಬಸವಂತ ಸಂಜೆಗೆ ಬರುವವನಿದ್ದ. ಮೇಲಿಂದ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ, ಓರೆಯಾಗಿ ಬಿಡು ಎಂದು ಬದರಿನಾಥರು ಹೇಳಿ ಕಳಿಸಿದ್ದರು. ಪಕ್ಕಕ್ಕೆ ಒಂದು ಟಾರ್ಚನ್ನು ನೆಲಕ್ಕೆ ಸಮನಾಗಿ ಮಲಗಿಸಿದ. ಕಂಬದ ತಿರುಪನ್ನು ಹಿಡಿದು ಮೆಲ್ಲಗೆ ಇಳಿಸಿದ. ಟೀವಿಯಲ್ಲಿ ಕೆಂಪು ಮೋಡ. ಇನ್ನೂ ಇಳಿಸಿದ. ಮೋಡ ಗಟ್ಟಿಯಾಗಿ ಕೆಮ್ಮಣ್ಣಾಯಿತು, ಅದರಲ್ಲಿ ಬೂದಿಯ ಕಣಗಳು ಹೊಳೆದವು. ಒಂದು ಕಡೆ ಬಿರುಕೂ ಸಿಕ್ಕಿತು: ಹೆಂಚಿನಂತೆ ಎದ್ದು ನಿಂತ ಒಂದು ಚಕ್ಕೆ. ಕೊಕ್ಕೆ ಕಡ್ಡಿ ತೂರಿಸಿ ಎತ್ತಿದರೆ ಎದ್ದು ಬರುವಂತಿತ್ತು. ಅದರ ಕೆಳಗೆ ಅವ್ವನ ಹುಬ್ಬಿರಬಹುದು. ಬಲಗೈಯಲ್ಲಿ ಕಡ್ಡಿ ಹಿಡಿದು, ಎಡಗೈಯಿಂದ ಇನ್ನೊಂದೇ ಒಂದು ಎಳೆ ತಿರುಪು ತಿರುಗಿಸಿದ.

ಆಗ ಗೆರೆಗಳು ಕಂಡವು. ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಬಾಗಿ ಬಾಗಿ ತಿರುಗಿ ಬರುವ ಗೆರೆಗಳು. ಕಾಗದದ ಸುಕ್ಕು ಎಂದುಕೊಂಡ. ಅಲ್ಲ. ಆಫೀಸುಗಳಿಗೆ ಹೆಬ್ಬೆಟ್ಟೊತ್ತುವ ಹಾಜರಿ ಯಂತ್ರ ಕೂರಿಸುವವನು ಅವನು, ಇಂಥವನ್ನು ದಿನಾ ನೋಡುತ್ತಾನೆ. ಅದು ಬೆರಳ ಗುರುತು. ಕುಂಕುಮದ ಮೇಲೆ ಕುಂಕುಮ ಕೂತು, ಒಣಗಿ, ಮತ್ತೆ ಕೂತು, ಪ್ರತಿ ಸಲವೂ ಅದೇ ಬೆರಳು ಅದೇ ಜಾಗಕ್ಕೆ ಒತ್ತಿ ಒತ್ತಿ ಅಚ್ಚು ಬಿದ್ದಿತ್ತು. ಗೆರೆಗಳನ್ನು ಅಡ್ಡ ಕಡಿದು ಒಂದು ನೇರವಾದ ಗಾಯದ ಕಲೆಯೂ ಇತ್ತು. ಆ ಕಲೆಯನ್ನು ಅವನು ಬಲ್ಲ. ಜೋಳ ಕೊಯ್ಯುವಾಗ ಕುಡಗೋಲು ತಾಗಿದ್ದು. ಚಿಕ್ಕವನಿದ್ದಾಗ ಆ ಬೆರಳನ್ನು ಹಿಡಿದುಕೊಂಡೇ ಅವನು ಶಾಲೆಗೆ ಹೋಗುತ್ತಿದ್ದ.

ಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. ಅವ್ವನ ಮುಖ ಬೇಕಾದರೆ ಈ ಬೆರಳನ್ನು ಕೆರೆದು ತೆಗೆಯಬೇಕು. ಮೂವತ್ತು ನಲವತ್ತು ವರ್ಷ ದಿನಾ ಬೆಳಿಗ್ಗೆ ಒಬ್ಬ ಹೆಂಗಸು ತನ್ನ ಸವತಿಯ ಹಣೆ ಮುಟ್ಟಿದ್ದಳು. ಅವಳಿಗೆ ತಾನು ಏನು ಹೇಳಿಬಿಟ್ಟೆ! ಕಡ್ಡಿಯನ್ನು ಕೆಳಗಿಟ್ಟ.

“ಚಿಗವ್ವಾ, ಇಲ್ಲಿ ಬಾ.”

ಶರಣಮ್ಮ ಓಡಿಯೇ ಬಂದಳು. “ಸಿಕ್ಕಳೇನು ಅಕ್ಕ?” ಎಂದಳು. ಅವಳ ಮುಖದ ತುಂಬ ಆಸೆಯಿತ್ತು. ಅವಳು ಟೀವಿಯತ್ತ ಕಣ್ಣು ಕಿರಿದು ಮಾಡಿ ನೋಡಿದಳು. “ಇದೇನಪಾ, ಕುಂಟಿ ಹೊಡದ ಹೊಲ ಇದ್ದಂಗ ಗೆರಿ ಗೆರಿ ಐತಿ. ಮಾರಿ ಎಲ್ಲಿ?”

“ಅದು ನಿನ್ನ ಬೆರಳು, ಚಿಗವ್ವಾ.”

ಅವಳಿಗೆ ತಟ್ಟನೆ ತಿಳಿಯಲಿಲ್ಲ. ತಿಳಿದ ಮೇಲೆ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು, ಕದ್ದವರ ಹಾಗೆ. ಪ್ರಿಯಾಂಕಾ ಬಾಗಿಲಿಗೆ ಬಂದು ನಿಂತಳು.

“ಗಾಜು ನಾನ ತಗದಿದ್ದೆ” ಎಂದಳು ಶರಣಮ್ಮ, ಕೆಳಗೆ ನೋಡುತ್ತ. “ನಿನಗ ಗೊತ್ತಿಲ್ಲ. ನೀ ಸಣ್ಣಾಂವ ಇದ್ದಿ, ಜ್ವರ ಬಂದು ಮೈ ಕೆಂಡ ಆಗಿತ್ತು. ಡಾಕ್ಟರು ಕೈ ಚೆಲ್ಲಿದ್ರು. ದೇವರಿಗೆ ಎಷ್ಟಂತ ಬೇಡಲಿ? ಅಕ್ಕನ ಮುಂದ ನಿಂತೆ. ಗಾಜಿನ ಮ್ಯಾಲೆ ಕುಂಕಮ ಹಚ್ಚಿದ್ರ ಕಿಟಕೀಗೆ ಹಚ್ಚಿದಂಗ ಅನಸ್ತು. ಆಕೀಗೆ ಹ್ಯಾಂಗ ಮುಟ್ಟತೈತಿ? ಗಾಜು ತಗದು ಆಕೀ ಹಣಿ ಮುಟ್ಟಿ ಹೇಳಿದೆ, ‘ಯಕ್ಕಾ, ನಿನ್ನ ಮಗನ್ನ ನನ್ನ ಉಡ್ಯಾಗ ಬಿಟ್ಟು ಹೋಗಿ, ಈಗ ಕಸಗೋಬ್ಯಾಡ’ ಅಂತ. ಮರುದಿನ ಜ್ವರ ಇಳೀತು. ಆಮ್ಯಾಲೆ ಮತ್ತ ಗಾಜು ಹಾಕಾಕ ಮನಸ ಬರಲಿಲ್ಲ. ಆಕೀ ಮಾರಿ ಸವೀತೈತಿ ಅಂತ ನನಗ ಹೊಳೀಲಿಲ್ಲೋ ಯಪ್ಪಾ. ನನಗ ದಿನಾ ಕಾಣತಿತ್ತು.”

ಸಿದ್ದಾರೂಢ ಅಳುವುದಕ್ಕೆ ನಾಚಲಿಲ್ಲ. “ಆವತ್ತ ಆಡಿದ ಮಾತು ತಪ್ಪಾತು ಚಿಗವ್ವಾ. ನೀ ಎಲ್ಲೂ ಹೋಗಬ್ಯಾಡ” ಎಂದ. ಇಷ್ಟು ಹೇಳಲು ಇಡೀ ಟ್ರಂಕನ್ನು ಬಿಚ್ಚಬೇಕಾಯಿತು. ಪ್ರಿಯಾಂಕಾ ಮೊಬೈಲು ತೆಗೆದುಕೊಂಡು ಬಸವಂತನಿಗೆ ಬರುವುದು ಬೇಡವೆಂದು ಹೇಳಲು ಹೊರಗೆ ಹೋದಳು.

ಶರಣಮ್ಮ ಕಣ್ಣೊರೆಸಿಕೊಂಡು ಟೀವಿಯತ್ತ ಕೈ ಮಾಡಿದಳು. “ಅದನ್ನ ತಗದ್ರ ಕೆಳಗ ಅಕ್ಕ ಸಿಗತಾಳಂದ್ರ ತಗದುಬಿಡು. ನನ್ನ ಬೆರಳಿಂದೇನೈತಿ?”

“ತಗಿಯೂದಿಲ್ಲ” ಎಂದ ಅವನು. ಹೇಳಿದ ಮೇಲೆ, ಹುಟ್ಟಿದಂದಿನಿಂದ ಅವಳನ್ನು ಎಂದೂ ಕೇಳದಿದ್ದ ಒಂದು ಮಾತು ಬಾಯಿಗೆ ಬಂತು. ಮಲತಾಯಿಯನ್ನು ಕೇಳಬಾರದ್ದೆಂದು ಸಣ್ಣಂದಿನಲ್ಲೇ ನುಂಗಿಕೊಂಡ ಮಾತು ಅದು. ಅವಳಷ್ಟು ಹತ್ತಿರದಿಂದ, ಅವಳಷ್ಟು ದಿನ, ಆ ಮುಖವನ್ನು ಈ ಭೂಮಿಯ ಮೇಲೆ ಬೇರೆ ಯಾರು ನೋಡಿದ್ದರು?

“ಆಕಿ ಹ್ಯಾಂಗಿದ್ಲು ಚಿಗವ್ವಾ?”

ಶರಣಮ್ಮ ಕಣ್ಣು ಮುಚ್ಚಿದಳು. ಬಾಯಿಂದ ಹೇಳುವಂಥದ್ದಲ್ಲ ಎಂಬಂತೆ ತಲೆಯಾಡಿಸಿ, ಅವನ ಎದುರಿಗೆ ನೆಲದ ಮೇಲೆ ಕೂತಳು. ಸೆರಗಿನೊಳಗಿಂದ ಕೈ ತೆಗೆದು ಉಂಗುರದ ಬೆರಳನ್ನು ಅವನ ಹಣೆಯ ಮೇಲಿಟ್ಟಳು.

“ಇಲ್ಲೆ ಬೈತಲಿ. ನಿನಗಿಂತ ತುಸು ಕೆಳಗ ಕೂದಲ ಸುರು ಆಗತಿತ್ತು” ಎಂದಳು. ಬೆರಳು ಇಳಿಯಿತು. “ಹುಬ್ಬು ಇಲ್ಲಿಂದ ಇಲ್ಲಿಮಟ. ಎಡಗಡೀದು ನಿನ್ನಂಗ, ನಡುವ ಸ್ವಲ್ಪ ಎದ್ದು ನಿಂತಿತ್ತು. ಮೂಗು ಗಿಡ್ಡ. ನಿಂದು ಅಪ್ಪಂದು ಬಿಡು. ಮೂಗುತಿ ಇಲ್ಲೆ. ಬಾಯಿ ನಗೂವಂಗ ಇದ್ದಿದ್ದಿಲ್ಲ, ಫೋಟೋದಾಂವ ಗದರಿಸಿರಬೇಕು. ಈ ಗಲ್ಲದ ಮ್ಯಾಲೆ ಒಂದು ಮಚ್ಚಿ ಇತ್ತು, ಎಳ್ಳಿನಷ್ಟ.”

ಆ ಒರಟು ಬೆರಳು ಕಣ್ಣಿನ ಕೆಳಗೆ ಬಂದಾಗ ಒದ್ದೆಯಾಯಿತು. ಅವಳು ಅದನ್ನು ಸೀರೆಗೆ ಒರೆಸಿಕೊಂಡು ಮತ್ತೆ ಅದೇ ಜಾಗಕ್ಕೆ ಸರಿಯಾಗಿ ತಂದಿಟ್ಟಳು. ಸಿದ್ದಾರೂಢನ ಭುಜ ಅಳುವಿಗೆ ಕುಲುಕತೊಡಗಿತು. ಶರಣಮ್ಮ ಇನ್ನೊಂದು ಕೈಯಿಂದ ಅವನ ತಲೆಯನ್ನು ಹಿಡಿದು ನಿಲ್ಲಿಸಿದಳು.

“ಅಲಗಾಡಬ್ಯಾಡೋ” ಎಂದಳು, “ಇನ್ನೂ ಗದ್ದ ಉಳದೈತಿ.”